ಬಾಯಿ ನೋಡುವವನು

ಮತ್ತೆ ನೋಡಿದ, ಈಗಷ್ಟೇ, ಬಾಗಿಲ ಸಂದಿಯಿಂದ ಕಂಡೆ, ಕಣ್ಣನ್ನಲ್ಲ, ಮುಖವನ್ನಲ್ಲ, ಬಾಯಿಯನ್ನೇ ನೋಡಿದ, ನಮ್ಮವರು ಎಲೆ ಅಡಿಕೆ ಜಗಿಯುತ್ತಾ ಈ ವರ್ಷದ ಹತ್ತಿಯ ಸಂಗತಿ ಹೇಳುತ್ತಿದ್ದಾರೆ, ಇವನು ಆ ಕೆಂಪು ಬಾಯಿಯ ಮೇಲೆ ಕಣ್ಣು ನೆಟ್ಟು ಕೂತಿದ್ದಾನೆ, ಬೆಕ್ಕು ಬಿಲ ಕಾಯುವ ಹಾಗೆ, ರೆಪ್ಪೆ ಬಡಿಯುವುದಿಲ್ಲ — ಯಾ ಅಲ್ಲಾ, ಇವನಿಗೆ ನನ್ನ ಮಗಳು ಬಾನುವನ್ನು ಕೊಡಬೇಕು, ಇನ್ನು ಸ್ವಲ್ಪ ಹೊತ್ತಿಗೆ ಈ ಬಟ್ಟಲಿನ ಸಕ್ಕರೆಯನ್ನು ನಾನೇ ಹೊರಗೆ ಒಯ್ದು ನನ್ನ ಕೈಯಿಂದಲೇ ಇವನ ಬಾಯಿಗೆ ಹಾಕಬೇಕು, ಹಾಕಿದರೆ ಮುಗಿಯಿತು, ನಮ್ಮ ಪಿಂಜಾರ ಮನೆಗಳಲ್ಲಿ ಹುಡುಗಿಯ ತಾಯಿ ಸಕ್ಕರೆ ಹಾಕಿದ ಮೇಲೆ ಮಾತು ತಿರುಗಿಸಿದವರನ್ನು ನಾನು ಕಂಡಿಲ್ಲ, ಗಂಡಸರು ಎಷ್ಟು ಮಾತಾಡಿದರೂ ಅದು ಗಾಳಿ, ತಾಯಿಯ ಕೈ ಸಕ್ಕರೆ ಬಿದ್ದರೆ ಕಲ್ಲು. ಪಕ್ಕದಲ್ಲಿ ಇವನ ತಾಯಿ ಬಿಬಿಜಾನ, ಹಸಿರು ಸೀರೆ, ಬೆಳಗಿನ ಗಾಡಿಗೆ ಸೊಲ್ಲಾಪುರ ಬಿಟ್ಟು ಇಂಡಿ ಸ್ಟೇಶನ್ನಿಗೆ ಇಳಿದು ಟಾಂಗಾ ಮಾಡಿಕೊಂಡು ಬಂದವರು, ಕಾಲು ತೊಳೆದ ನೀರು ಇನ್ನೂ ಹೊಸ್ತಿಲ ಮುಂದೆ ಆರಿಲ್ಲ, ಆಗಲೇ ಆಕೆ ತೊಲೆ, ಗೂಡು, ಗಡಿಗೆ ಎಲ್ಲದರ ಮೇಲೂ ಕಣ್ಣಾಡಿಸಿದಳು, ಆಡಿಸಲಿ, ಅದು ಬೀಗತಿಯ ಹಕ್ಕು, ಆದರೆ ಮಗ ಯಾಕೆ ಬಾಯಿ ನೋಡುತ್ತಾನೆ, ನಮ್ಮವರ ಬಾಯಿ ನಿಂತರೆ ತಾಯಿಯ ಬಾಯಿ, ತಾಯಿಯದು ನಿಂತರೆ ಮತ್ತೆ ನಮ್ಮವರದು, ಯಾರೂ ಮಾತಾಡದಿದ್ದರೆ ಗೋಡೆ, ಗೋಡೆ ನೋಡುವಾಗ ಇವನು ಇಲ್ಲಿ ಇರುವುದೇ ಇಲ್ಲ, ಎದ್ದು ಎಲ್ಲಿಗೋ ಹೋದವನ ಹಾಗೆ, ಫಕ್ರುದ್ದೀನ ಎಂಬ ಹೆಸರಿನ ಒಂದು ಅಂಗಿಯನ್ನು ನಮ್ಮ ಕೌದಿಯ ಮೇಲೆ ಕೂರಿಸಿ ಹೋದವನ ಹಾಗೆ.

ಮೊದಲು ಕಂಡದ್ದು ಮೊಹರಮ್ಮಿನಲ್ಲಿ, ಮಳೆ ಬಂದು ಬಿಟ್ಟಿತ್ತು, ಮಸೂತಿಯ ಮುಂದಿನ ಅಲಾಯಿ ಕುಣಿಗೆ ಹಾಕಿದ ಕಟ್ಟಿಗೆ ಹಸಿ, ಬೆಂಕಿಗಿಂತ ಹೊಗೆ ಹೆಚ್ಚು, ಹೆಂಗಸರು ನಾವು ಗೋಡೆಯ ಈಚೆ, ಗಂಡಸರು ಅಲ್ಲಿ ಪೀರರ ಪಂಜಾಗಳ ಮುಂದೆ, ಕರ್ಬಲದ ಕತೆ ಹೇಳುವ ರಿವಾಯತ ಪದ ಶುರುವಾಗಿತ್ತು, ನಾನು ಕಣ್ಣು ನೆಲಕ್ಕೆ ಹಾಕಿ ಕೂತಿದ್ದೆ, ನಮ್ಮಪ್ಪ ಕಲಿಸಿದ್ದು ಅದು, ಹಗಲೆಲ್ಲ ಸಿಂದಗಿಯಿಂದ ಗೊಳಸಂಗಿಯ ತನಕ ಮಂದಿಯ ಗಾದಿಯ ಹತ್ತಿ ಹಿಂಜಿ, ಸಂಜೆ ಯಾವ ಊರಲ್ಲಿ ಇದ್ದರೆ ಆ ಊರಿನ ಕಟ್ಟೆಯಲ್ಲಿ ಪದ ಹಾಡುತ್ತಿದ್ದ ಮನುಷ್ಯ, ಮೂಗಿನ ಕೂದಲಲ್ಲಿ ಹತ್ತಿಯ ಎಳೆ, ದನಿ ಮಾತ್ರ ತೊಳೆದಿಟ್ಟಂತೆ — ಕೇಳೋರು ನೆಲಾ ನೋಡಬೇಕು ಮಗಳ, ಹಾಡೋರ ಮಾರಿ ನೋಡಬಾರದು, ಮಾರಿ ನೋಡಿದ್ರ ಪದ ಮಾರ್ಯಾಗ ಉಳೀತೈತಿ, ಎದಿಗೆ ಇಳಿಯಂಗಿಲ್ಲ — ಹಾಗೆ ನೆಲ ನೋಡುತ್ತಲೇ ಬೆಳೆದವಳು ನಾನು, ಅಕ್ಷರ ಕಲಿಯಲಿಲ್ಲ, ಕೇಳುವುದನ್ನು ಕಲಿತೆ, ಕರ್ಬಲದ ಮರಳು ನನಗೆ ನಮ್ಮ ಹಿತ್ತಿಲಿಗಿಂತ ಹೆಚ್ಚು ಗೊತ್ತು. ಆವತ್ತು ಆ ಮರಳಲ್ಲಿ ನೀರಿಲ್ಲದೆ ಸತ್ತ ಕೂಸಿನ ಪದ ಬಂತು, ನೀರ ಕೇಳಿತೊ ಕೂಸು ನೀರ ಕೇಳಿತೊ, ತುಟಿಯ ಮ್ಯಾಲಿನ ಮಾತು ತುಟಿಯಾಗ ಒಣಗಿತೊ, ಅಲ್ಲಿಗೆ ಬಂದರೆ ಗೋಡೆಯ ಈಚೆಗೂ ಆಚೆಗೂ ಒಂದೇ ಅಳು, ನಾನೂ ಅತ್ತೆ, ಸೆರಗಿನಿಂದ ಕಣ್ಣೊರೆಸಲು ತಲೆ ಎತ್ತಿದೆ, ಗೋಡೆಯ ಕಿಂಡಿಯಲ್ಲಿ ಕಂಡ, ಎಲ್ಲರ ತಲೆ ಕೆಳಗೆ, ಒಬ್ಬನದು ಮೇಲೆ, ಹಾಡುವವನ ಬಾಯಿಯನ್ನೇ ನೋಡುತ್ತಿದ್ದಾನೆ, ಬೆಂಕಿಯ ಬೆಳಕಿನಲ್ಲಿ ಆ ಕಣ್ಣು ಹೊಳೆಯುತ್ತಿತ್ತು, ಒಣ ಕಣ್ಣು, ಎಲ್ಲರೂ ಅತ್ತು ಮೂಗು ಒರೆಸಿಕೊಂಡ ಮೇಲೆ ಅವನು ಅತ್ತ. ಹಿಂದುಳಿದು ಅತ್ತ. ಮಂದಿ ಅತ್ತರೆಂದು ನೋಡಿ ಅತ್ತನೇ, ಅಳುವುದನ್ನೂ ನೋಡಿ ಕಲಿಯುವವನೇ — ಯಾರಂವ, ಎಂದು ಕೇಳಿದ್ದಕ್ಕೆ ಪಕ್ಕದವಳು ಹೇಳಿದಳು, ಹಲಸಂಗಿ ಬಿಬಿಜಾನಳ ಮಗ ಅಲ್ಲೇನ, ಮೊಹರಮ್ಮಿಗೆ ಬಂದಾನ, ಸೊಲ್ಲಾಪುರ ಗಿರಣ್ಯಾಗ ಮಗ್ಗ ನಡಸ್ತಾನ, ತಂದಿ ಇಲ್ಲ, ಹೆಣ್ಣು ನೋಡಾಕತ್ತಾರ. ಸೊಲ್ಲಾಪುರ. ಅಷ್ಟು ಕೇಳಿದ ಕೂಡಲೇ ಮತ್ತೆ ನೆಲ ನೋಡಿದೆ.

ಆ ಊರನ್ನು ನಾನು ನಂಬುವುದಿಲ್ಲ, ನಂಬುವುದಕ್ಕೆ ಅದು ನಮಗೆ ಏನು ಮಾಡಿದೆ, ನಮ್ಮ ಬೆಣ್ಣೆ ಅಲ್ಲಿಗೆ ಹೋಗುತ್ತದೆ, ಡಬ್ಬಿಯ ತುಪ್ಪ ಇಲ್ಲಿಗೆ ಬರುತ್ತದೆ, ನಮ್ಮ ಹತ್ತಿ ಅಂಡಿಗೆಯ ಮೂಟೆ ಕಟ್ಟಿಕೊಂಡು ಗಾಡಿ ಹತ್ತುತ್ತದೆ, ಚಾದರವಾಗಿ ಬಣ್ಣ ಬಳಿದುಕೊಂಡು ಮರಳಿ ಬರುತ್ತದೆ, ಮೊದಲ ಒಗೆತಕ್ಕೆ ಆ ಬಣ್ಣ ಹಳ್ಳದ ಪಾಲು, ಹೋದ ಹುಡುಗರು ದೀಪಾವಳಿಗೋ ರಂಜಾನಿಗೋ ಬರುತ್ತಾರೆ, ತಲೆಗೆ ಎಣ್ಣೆ, ಮಾತಿಗೆ ಮರಾಠಿ, ಅವ್ವನ ಕೈಯ ರೊಟ್ಟಿ ಗಂಟಲಲ್ಲಿ ಇಳಿಯದಂತೆ ಮೋರೆ, ನಮ್ಮ ಊರಿನ ಸಂತೆ ಸಹ ಆ ಊರಿನ ಗಾಡಿಯ ಕೂಗು ಕೇಳಿ ಏಳುತ್ತದೆ, ಕೂರುತ್ತದೆ, ಯಾವ ದರ ಅಲ್ಲಿ ಎದ್ದರೂ ಇಲ್ಲಿ ಕೂರುವಂತಿಲ್ಲ, ನಾವು ಇಂಡಿಯವರು ಎಂದರೂ ಅರ್ಧ ಜೀವ ಅಲ್ಲಿ ಒತ್ತೆ ಇದ್ದ ಹಾಗೆ. ಈಗಂತೂ ಅದು ಬೇರೆ ರಾಜ್ಯವಂತೆ, ಹೋದ ವರ್ಷದಿಂದ ನಾವು ಮೈಸೂರಿನವರಂತೆ, ಅವರು ಮುಂಬೈಯವರಂತೆ, ನಮ್ಮವರು ಚಾವಡಿಯಲ್ಲಿ ಕೇಳಿಬಂದು ಹೇಳಿದಾಗ ನಾನು ಅಂದೆ, ಹಂಗಾದ್ರ ಮಗಳ್ನ ಪರದೇಶಕ್ಕ ಕೊಟ್ಟಂಗ ಆತಲ್ಲ, ಅವರು ನಕ್ಕರು, ಏ ಹುಚ್ಚಿ, ಗಾಡಿ ಅದ, ಹಳಿ ಅದ, ನಸಿಕಿನ್ಯಾಗ ಹತ್ತಿದ್ರ ಬಿಸಿ ರೊಟ್ಟಿ ಹೊತ್ತಿಗೆ ಮಗಳ ಮನ್ಯಾಗ ಇರ್ತಿ. ಗಾಡಿ ಅದೇ, ಹಳಿ ಅದೇ, ಅದೇ ನನ್ನ ಭಯ, ದೂರದ ಊರಾದರೆ ಅದರ ಪಾಡಿಗೆ ಅದು ಇರುತ್ತಿತ್ತು, ಇದು ಹಿತ್ತಿಲ ಬೇಲಿಗೆ ಬಾಯಿ ಹಚ್ಚಿಕೊಂಡು ನಿಂತ ಊರು, ಉತ್ತರದ ಗಾಳಿ ಬಿಟ್ಟಾಗ ಅಲ್ಲಿಯ ಗಿರಣಿಯ ಭೋಂಗಾ ಇಲ್ಲಿ ಕೇಳುತ್ತದೆ ಎಂದು ಕೆಲವರು ಆಣೆ ಮಾಡುತ್ತಾರೆ, ನಾನು ಕಿವಿ ಕೊಟ್ಟು ಕೂತಿದ್ದೇನೆ ಎಷ್ಟೋ ಸಲ, ಕೇಳಿಲ್ಲ, ಸುಳ್ಳು, ಅಷ್ಟು ದೂರ ಕೇಳುವುದಿಲ್ಲ, ಆದರೂ ಕಿವಿ ಕೊಡುವುದು ಬಿಟ್ಟಿಲ್ಲ.

ಹೆಣ್ಣು ನೋಡಲು ಬಂದ ದಿನ ಅಂಗಳದಲ್ಲಿ ಬೇವಿನ ಕೆಳಗೆ ಬೆನ್ನು ಮಾಡಿ ನಿಂತಿದ್ದ, ನಾನು ತಂಬಿಗೆ ತುಂಬಿಕೊಂಡು ಹೋಗಿ ಹಿಂದಿನಿಂದ ಅಂದೆ, ತಮ್ಮಾ, ನೀರು, ತಿರುಗಲಿಲ್ಲ, ತಮ್ಮಾ ನೀರು ಅಂದ್ರ, ಇನ್ನೂ ಗಟ್ಟಿಯಾಗಿ ಅಂದೆ, ಬೇವಿನ ಮೇಲಿನ ಕಾಗೆ ಹಾರಿತು, ಇವನು ಅಲುಗಲಿಲ್ಲ, ತಂಬಿಗೆ ಅಲ್ಲೇ ಕಟ್ಟೆಯ ಮೇಲೆ ಕುಕ್ಕಿ ಬಂದೆ, ಎಷ್ಟು ಸೊಕ್ಕು, ಹಳ್ಳಿಯ ಪಿಂಜಾರಿತಿಯ ಕೈಯ ನೀರು ಬೇಡವೇನೋ ಗಿರಣಿಯ ಸಾಹೇಬನಿಗೆ. ಆಮೇಲೆ ನಮ್ಮವರು ತಮ್ಮ ಬಿಲ್ಲು ತೋರಿಸಿದರು, ಯಾರು ಬಂದರೂ ತೋರಿಸುತ್ತಾರೆ, ಅಜ್ಜನ ಕಾಲದ ಹತ್ತಿ ಹಿಂಜುವ ಬಿಲ್ಲು, ತೊಲೆಗೆ ಕಟ್ಟಿ ನರದ ಹುರಿಗೆ ಮರದ ಹಿಡಿಯಿಂದ ಹೊಡೆದರೆ ಟೊಂಯ್ಯೆಂದು ಮನೆಯೆಲ್ಲ ತುಂಬುವ ದನಿ, ಅದರ ದನಿಯಿಂದಲೇ ಯಾವ ಮನೆತನದ ಬಿಲ್ಲು ಎಂದು ಹೇಳುತ್ತಿದ್ದರು ಹಿಂದಿನವರು, ನಮ್ಮವರ ಹೆಮ್ಮೆಯೆಲ್ಲ ಅದರಲ್ಲಿದೆ, ಕೇಳಪಾ ಹ್ಯಾಂಗ ಮಾತಾಡ್ತೈತಿ ನೋಡು, ಎಂದು ಹೊಡೆದರು, ಬಂದವರೆಲ್ಲ ಭಲೇ ಅಂದರು, ಇವನು ಎದ್ದು ಹೋಗಿ ಬಿಲ್ಲಿನ ದಿಮ್ಮಿಯ ಮೇಲೆ ಅಂಗೈ ಊರಿ ನಿಂತ, ಕಣ್ಣು ಮುಚ್ಚಿದ, ಬಾಯಿ ಅರೆ ತೆರೆದ, ದನದ ಸಂತೆಯಲ್ಲಿ ಎತ್ತಿನ ಪಕ್ಕೆ ಹಿಡಿದು ನೋಡುವ ದಲಾಲಿಯ ಹಾಗೆ, ಇದರ ಕಟ್ಟಿಗೆಗೆ ಎಷ್ಟು ಬಂದೀತು ಎಂದು ಅಳೆಯುತ್ತಾನೇನೋ ಎಂದು ನನಗೆ, ನಮ್ಮವರಿಗೆ ಮಾತ್ರ ಖುಷಿ, ನೋಡ್ರಿ, ಹುಡುಗಗ ಕಸಬಿನ ಕದರು ಐತಿ. ಮತ್ತೆ ಅವನ ಮಾತು, ಅದೆಂಥ ಮಾತು, ಎದುರಿಗೆ ಕೂತವರಿಗೆ ಎರಡು ಹೊಲ ದಾಟಿ ಕೂಗಿದ ಹಾಗೆ, ಜ್ವಾಳಾ ಚಲೋ ಬಂದಾವೇನ್ರಿ ಮಾವಾರ ಎಂದರೆ ಜಗಳ ತೆಗೆದನೇನೋ ಎಂದು ಪಕ್ಕದ ಮನೆಯ ಸಿದ್ದಲಿಂಗವ್ವ ಓಡಿ ಬಂದಳು, ಬಂದವಳು ಒಲೆಯ ಹತ್ತಿರ ಕೂತು, ನಾನು ಹೇಳಿದ್ದೆಲ್ಲ ಕೇಳಿ, ಕಣ್ಣು ಚಿಕ್ಕದು ಮಾಡಿ, ಪೀರವ್ವಾ, ಬಾಯಿ ನೋಡೋ ಗಂಡಸು ಮಾತು ಕೇಳಾಕ ನೋಡಂಗಿಲ್ಲ ನಮ್ಮವ್ವ, ರುಚಿ ನೋಡಾಕ ನೋಡ್ತಾನ, ಎಂದು ಕಿಸಕ್ಕನೆ ನಕ್ಕಳು, ಥೂ ನಿನ್ನ ಬಾಯಿಗೆ ಮಣ್ಣ ಹಾಕ, ಅಂದೆ, ನಕ್ಕೆ ಸಹ, ನಕ್ಕರೂ ಆ ಮಾತು ಹೋಗಲಿಲ್ಲ, ಆಕೆಯೇ ಮತ್ತೆ ಬೀಜ ಹಾಕಿದಳು, ಸೊಲ್ಲಾಪುರದಾಗ ಒಬ್ಬೊಬ್ಬಂವಗ ಎರಡೆರಡು ಒಲಿ ಅಂತಾರ, ಒಂದು ಒಲಿ ಮುಂದ ತಾಯಿ, ಇನ್ನೊಂದು ಒಲಿ ಮುಂದ ಯಾರಕಿನೋ, ವಿಚಾರಿಸೀಯೇನ. ಯಾರನ್ನು ವಿಚಾರಿಸಲಿ, ವಿಚಾರಿಸಿದವರೆಲ್ಲ ಒಂದೇ ಮಾತು ಹೇಳುತ್ತಾರೆ, ಕುಡಿಯುವುದಿಲ್ಲ, ಪಾಳಿ ತಪ್ಪಿಸುವುದಿಲ್ಲ, ಬಹಳ ಶಾಂತ, ಬಹಳ ಶಾಂತ ಎಂದು ಹೇಳುವಾಗ ಎಲ್ಲರೂ ಸ್ವಲ್ಪ ತಡೆಯುತ್ತಾರೆ, ಆ ತಡೆ ನನಗೆ ಕೇಳುತ್ತದೆ, ಕೇಳುವುದು ನನ್ನ ಕಸಬು.

ಅದೆಲ್ಲ ಇರಲಿ, ಅದೆಲ್ಲ ನುಂಗಿದ್ದೆ, ಹೋದ ತಿಂಗಳು ಕಂಡದ್ದನ್ನು ಹೇಗೆ ನುಂಗಲಿ. ಸೀತನಿ ತಿನ್ನಲು ಕರೆದಿದ್ದೆವು, ಹಾಲುಗಾಳಿನ ಜೋಳದ ತೆನೆ ಸುಟ್ಟು ಅಂಗಳದಲ್ಲಿ ತಿಕ್ಕುತ್ತಿದ್ದರು, ನಮ್ಮವರು, ಬಿಬಿಜಾನ, ಇವನು, ಬೂದಿ, ಬೆಲ್ಲ, ನಗು, ನಾನು ಒಳಗಿಂದ ಮೊಸರು ತರುತ್ತಿದ್ದೆ, ಅಂಗಳದ ಆ ಮೂಲೆಯಲ್ಲಿ ಬಾನು, ಬಾವಿಯ ಕಟ್ಟೆಗೆ ಒರಗಿ ಕೊಡ ಬೆಳಗುತ್ತಿದ್ದಾಳೆ, ತಲೆ ಎತ್ತಿದಳು, ತುಟಿ ಅಲುಗಿತು, ದನಿ ಇಲ್ಲ. ನಾನು ಹೊಸ್ತಿಲಲ್ಲೇ ನಿಂತೆ. ಮತ್ತೆ ಅಲುಗಿತು, ಉದ್ದಕ್ಕೆ, ಒಂದು ಪೂರಾ ಮಾತು ಹೇಳುವಷ್ಟು, ಮೇಲಿನ ತುಟಿ ಕೆಳಗಿನ ತುಟಿ ಕೂಡಿತು, ಬಿಟ್ಟಿತು, ನಾಲಿಗೆಯ ತುದಿ ಹಲ್ಲಿಗೆ ತಾಗಿತು, ನನ್ನ ಮಗಳ ಬಾಯಿಯಿಂದ ಗಾಳಿ ಸಹ ಬರಲಿಲ್ಲ, ಬೂದಿಯ ಗುಪ್ಪೆಯ ಆಚೆ ಕೂತವನು ನೋಡಿದ, ಆ ಬಾಯಿಯನ್ನು, ತಲೆಯಾಡಿಸಿದ. ಮೊಸರಿನ ಗಡಿಗೆಯನ್ನು ಹೊಸ್ತಿಲ ಮೇಲೆ ಇಟ್ಟೆ. ಇಷ್ಟು ಮಂದಿಯ ನಡುವೆ, ತಂದೆಯ ಬೆನ್ನ ಹಿಂದೆ, ನಾನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಾಗಿನಿಂದ ಕೇಳುತ್ತಿರುವ ದನಿಯನ್ನು ಬದಿಗಿಟ್ಟು ನನ್ನ ಮಗಳು ನನಗೆ ಕೇಳದ ಮಾತು ಆಡಿದಳು, ಯಾರು ಕಲಿಸಿದರು, ಎಂದು ಕಲಿತಳು, ಮಾಟವೇ, ಗಿರಣಿಯ ಊರಿನಲ್ಲಿ ಹಾಗೂ ಮಾಡುತ್ತಾರಂತೆ, ತಾಯತದಲ್ಲಿ ಏನೋ ಇಟ್ಟು ಹುಡುಗಿಯ ದನಿ ಕಟ್ಟುತ್ತಾರಂತೆ, ಆ ರಾತ್ರಿ ಆಕೆಯ ಕೊರಳು ಮುಟ್ಟಿ ನೋಡಿದೆ, ಏನವ್ವಾ, ಅಂದಳು, ದನಿ ಇತ್ತು, ಏನಿಲ್ಲ ಮಕ್ಕೋ, ಅಂದೆ. ಕೇಳಲಿಲ್ಲ, ಕೇಳಿದರೆ ಹೇಳುತ್ತಾಳೆ, ಹೇಳಿದ್ದು ನಿಜವೋ ಸುಳ್ಳೋ ಎಂದು ಅದನ್ನೂ ಸಂಶಯಪಡಬೇಕು. ರೊಟ್ಟಿ ಬಡಿಯುವಾಗ ಆ ತುಟಿ, ನಮಾಜಿಗೆ ಕೂತರೆ ಆ ತುಟಿ, ದನಿಯಿಲ್ಲದೆ ಕೂಡುತ್ತದೆ, ಬಿಡುತ್ತದೆ, ಅದರ ಮೇಲೆ ನೆಟ್ಟ ಎರಡು ಕಣ್ಣು.

ಇವತ್ತು ಬಿಡಬಾರದು, ಸಕ್ಕರೆ ಒಯ್ಯುವುದಕ್ಕೆ ಮೊದಲು ಕೇಳಬೇಕು, ಕೇಳುವ ಹಕ್ಕು ನನಗಿದೆ, ಅತ್ತೆಯಾಗುವವಳು ಬಾಗಿಲ ಮರೆಯಿಂದ ಅಳಿಯನಾಗುವವನಿಗೆ ಮಾತು ಕೇಳುವುದು ನಮ್ಮಲ್ಲಿ ಮೊದಲಿನಿಂದ ಇದೆ, ಮುಖ ಕಾಣಬಾರದು, ಮಾತು ಮುಟ್ಟಬೇಕು, ಬಾಗಿಲಿಗೆ ಒರಗಿ ಗಂಟಲು ಸರಿಮಾಡಿಕೊಂಡೆ, ತಮ್ಮಾ ಫಕ್ರುದ್ದೀನ, ನನ್ನ ಮಗಳ್ನ ಹ್ಯಾಂಗ ನೋಡ್ಕೋತಿಯಪಾ. ಸಂದಿಯಿಂದ ನೋಡಿದೆ, ಗೋಡೆ ನೋಡುತ್ತಿದ್ದಾನೆ, ನಮ್ಮವರು ಎಲೆ ಜಗಿಯುವುದು ನಿಲ್ಲಿಸಿದರು, ಬಿಬಿಜಾನ ಅವಸರವಸರವಾಗಿ, ಅಂವ ನಾಚತಾನ್ರಿ ಅಕ್ಕಾರ, ಹೂವಿನಂಗ ನೋಡ್ಕೋತಾನ, ನಾ ಹೇಳ್ತೇನಲ್ಲ — ನಿನಗೆ ಕೇಳಲಿಲ್ಲವಲ್ಲವ್ವ ನಾನು, ಅವನಿಗೆ ಕೇಳಿದೆ, ಕೇಳಿದಾಗಲೆಲ್ಲ ಈಕೆಯೇ ಹೇಳುತ್ತಾಳೆ, ಮೊದಲ ಸಲವೂ ಈಕೆಯೇ, ಸೀತನಿಯ ದಿನವೂ ಈಕೆಯೇ, ಬಾಯಿ ಇಲ್ಲವೇ ಅವನಿಗೆ, ಏನು ಮುಚ್ಚಿಡುತ್ತಿದ್ದಾಳೆ ಈಕೆ ಆ ಹಸಿರು ಸೆರಗಿನಲ್ಲಿ — ತಮ್ಮಾ, ನಿನ್ನ ಬಾಯಿಲೆ ಕೇಳಬೇಕು ನಾ, ಎಂದು ಇನ್ನೂ ಏರಿಸಿದೆ, ಸಿದ್ದಲಿಂಗವ್ವನ ಮನೆಗೆ ಕೇಳುವಷ್ಟು, ಗೋಡೆ ನೋಡುತ್ತಿದ್ದಾನೆ, ಅಷ್ಟರಲ್ಲಿ ಹಿಂದಿನಿಂದ ಬಾನು ನನ್ನ ಮೊಣಕೈ ಹಿಡಿದಳು, ಹೊಸ ಬಳೆ, ತಣ್ಣಗಿನ ಕೈ, ಅವ್ವಾ, ಮರೀಲಿಂದ ಕೇಳಬ್ಯಾಡ, ಅವರಿಗೆ ಬಾಯಿ ಕಾಣಬೇಕು. ಏನು. ಬಾಯಿ ಕಾಣಬೇಕವ್ವಾ, ಕಿವಿ ಕೇಳಂಗಿಲ್ಲ. ಯಾರದು. ಅವರದು, ಮಗ್ಗದ ಸಪ್ಪಳದಾಗ ನಿಂತು ನಿಂತು ಹೋಗ್ಯಾವ, ಗಿರಣ್ಯಾಗ ಯಾರೂ ದನೀಲೆ ಮಾತಾಡಂಗಿಲ್ಲಂತ, ದನಿ ಕೇಳಂಗಿಲ್ಲಲ್ಲ ಆ ಸಪ್ಪಳದಾಗ, ಎಲ್ಲಾರೂ ತುಟಿ ನೋಡೇ ಮಾತಾಡತಾರಂತ, ಮೊಹರಮ್ಮಿನ್ಯಾಗ ಢೋಲು ಬಡಿಯೋ ಮುಂದ ನಾ ಶರಬತ್ತು ಕೊಡಾಕ ಹೋದೆ, ಎಲ್ಲಾರೂ ಒದರತಿದ್ರು, ಒಬ್ಬರದು ಒಬ್ಬರಿಗೆ ತಿಳೀವಲ್ದು, ಅವರಿಗಷ್ಟ ಎಲ್ಲಾರದೂ ತಿಳೀತಿತ್ತವ್ವಾ — ಹೇಳುತ್ತಾ ನಕ್ಕಳು, ಹೆಮ್ಮೆಯಿಂದ, ನನ್ನ ಮಗಳು.

ನಿಂತೇ ಇದ್ದೇನೆ, ಒಲೆಯ ಮೇಲೆ ಚಹಾ ಉಕ್ಕುತ್ತಿದೆ, ಉಕ್ಕಲಿ, ಕಿವುಡ, ಕಿವುಡನನ್ನು ತಂದು ಕೂರಿಸಿದ್ದಾಳೆ ಆ ಹೆಂಗಸು ನಮ್ಮ ಕೌದಿಯ ಮೇಲೆ, ಮಗನ ಬಾಯಿಗೆ ತಾನು ಬಾಯಾಗಿ, ಮತ್ತು ನನ್ನ ಮಗಳಿಗೆ ಗೊತ್ತು, ಮೊಹರಮ್ಮಿನಿಂದ ಗೊತ್ತು, ನನಗೆ ಹೇಳಲಿಲ್ಲ, ಇಷ್ಟು ದಿನ ನನ್ನ ಪಕ್ಕದಲ್ಲಿ ಮಲಗಿ ಹೇಳಲಿಲ್ಲ, ಬೇವಿನ ಕೆಳಗೆ ಬೆನ್ನು, ಹಾರಿದ ಕಾಗೆ, ದಿಮ್ಮಿಯ ಮೇಲೆ ಅಂಗೈ, ಅಂಗೈಯಿಂದ ಕೇಳಿದನೇ ಅವನು ಬಿಲ್ಲಿನ ದನಿ — ನಿಮ್ಮಪ್ಪಗ ಗೊತ್ತೈತೇನ, ಅಂದೆ, ಗೊತ್ತಾದ್ರ ಕೊಡತಾನೇನವ್ವಾ, ಅಂದಳು, ಕೊಡುವುದಿಲ್ಲ, ದನಿಯಿಂದ ಮನೆತನ ಅಳೆಯುವ ಮನುಷ್ಯ, ಈಗಲೇ ಎಬ್ಬಿಸಿ ಕಳಿಸುತ್ತಾರೆ, ಒಂದು ಮಾತು ನಾನು ಹೊರಗೆ ಹಾಕಿದರೆ ಸಾಕು, ಸಂಜೆಯ ಗಾಡಿಗೆ ಹೋಗುತ್ತಾರೆ, ನನ್ನ ಸಂಶಯ ಮುಗಿಯುತ್ತದೆ, ಬಾನುವಿಗೆ ಮತ್ತೊಬ್ಬ ಸಿಗುತ್ತಾನೆ, ತಾಳಿಕೋಟೆಯ ಕಡೆಯವನು ಯಾರೋ, ಕಿವಿ ಇದ್ದವನು. ಹಿಂದಿಂದ ಕರದ್ರ ಕೇಳಂಗಿಲ್ಲ ಮಗಳ ಅಂವಗ, ಬಿದ್ದು ಒದರಿದ್ರೂ ಕೇಳಂಗಿಲ್ಲ. ಗೊತ್ತೈತಿ. ಹೆತ್ತ ಕೂಸು ಅತ್ರ ಕೇಳಂಗಿಲ್ಲ. ನಾ ಇರ್ತೇನಲ್ಲ. ಕತ್ತಲಾಗ, ಅಂದೆ, ದೀಪ ಆರಿಸಿದ ಮ್ಯಾಲ ನೀ ಯಾರ ಜೋಡಿ ಮಾತಾಡ್ತಿ, ಬಾನು ನೆಲ ನೋಡಿದಳು, ನಾನು ಕಲಿಸಿದ ಹಾಗೆ, ಸಣ್ಣಗ ಮಾಡಿ ಇಡ್ತೇನಿ ಅವ್ವಾ, ಆರಸಂಗಿಲ್ಲ. ನಾನು ಮದುವೆಯಾಗಿ ಬಂದಾಗಿನಿಂದ ಕತ್ತಲಲ್ಲಿ ಎಷ್ಟು ಮಾತಾಡಿದ್ದೇನೆ, ನಮ್ಮವರ ಕಿವಿ ಚೆನ್ನಾಗಿದೆ, ಹತ್ತಿಯ ಒಂದು ಬೀಜ ಹುರಿಗೆ ತಾಗಿದರೂ ತಿಳಿಯುತ್ತದೆ, ನನ್ನ ಮಾತಿಗೆ ಹೂಂ ಅನ್ನುತ್ತಾರೆ, ಹೂಂ ಅನ್ನುತ್ತಲೇ ಗೊರಕೆ. ಆದರೂ ಸಂಶಯ, ಕಿವುಡುತನ ಒಂದೇ ಮುಚ್ಚಿಟ್ಟಿದ್ದೋ, ಇನ್ನೇನಾದರೂ ಇದೆಯೋ, ಒಂದನ್ನು ಮುಚ್ಚಿಟ್ಟವರು ಇನ್ನೊಂದನ್ನು ಮುಚ್ಚಿಡುವುದಿಲ್ಲವೇ, ಇವನೇ ತಾಯಿಗೆ ಹೇಳಿ ಮುಚ್ಚಿಸಿದನೋ, ಬಾನು ಹೇಳಿದ್ದರಲ್ಲಿ ಇವನು ಹೇಳಿದ್ದೆಷ್ಟು, ಈಕೆ ಕಟ್ಟಿಕೊಂಡಿದ್ದೆಷ್ಟು — ಮತ್ತೆ ಆ ಕೂಸಿನ ಪದ, ಕೇಳಲೇ ಇಲ್ಲ ಅವನಿಗೆ ಆ ಪದ, ನಮ್ಮೆಲ್ಲರ ಕಿವಿಗೆ ತಾನಾಗಿ ಬಿದ್ದದ್ದನ್ನು ಅವನು ಒಂದೊಂದೇ ತುಟಿಯಿಂದ ಆರಿಸಿಕೊಂಡನೇ, ಅದಕ್ಕೇ ಹಿಂದುಳಿದು ಅತ್ತನೇ, ಅಪ್ಪಾ, ಮಾರಿ ನೋಡಿದರೆ ಪದ ಮಾರಿಯಲ್ಲೇ ಉಳಿಯುತ್ತದೆ ಎಂದಿದ್ದೆಯಲ್ಲ ನೀನು, ಉಳಿಯಲಿಲ್ಲವಲ್ಲ, ಇಳಿಯಿತಲ್ಲ — ಏ, ಸಕ್ಕರಿ ತಾ, ಹೊತ್ತಾತು, ಎಂದರು ನಮ್ಮವರು ಹೊರಗಿನಿಂದ.

ಬಟ್ಟಲು ತೆಗೆದುಕೊಂಡೆ, ಸೆರಗನ್ನು ಮೂಗಿನ ತನಕ ಎಳೆದು ಅಂಚು ಹಲ್ಲಲ್ಲಿ ಕಚ್ಚಿದೆ, ಅಳಿಯನ ಮುಂದೆ ಅತ್ತೆಯ ಬಾಯಿ ಕಾಣಬಾರದು, ನಮ್ಮವ್ವನೂ ಹೀಗೇ ಹೋಗಿದ್ದಳು, ಹೊಸ್ತಿಲು ದಾಟಿದೆ, ಹೊರಗೆ ಬಿಸಿಲು, ಎಲೆಯ ವಾಸನೆ, ಬಿಬಿಜಾನ ಸರಿದು ಜಾಗ ಕೊಟ್ಟಳು, ಬರ್ರಿ ಅಕ್ಕಾರ ಬರ್ರಿ, ನಗುವಿನ ಹಿಂದೆ ಆಕೆಯ ಕೊರಳಿನ ನರ ಹೊಡೆದುಕೊಳ್ಳುತ್ತಿದೆ, ಗೊತ್ತು ನಿನ್ನ ಗುಟ್ಟು, ಅವನ ಎದುರಿಗೆ ಕೂತೆ, ಅವನು ನೋಡಿದ, ನನ್ನ ಬಾಯಿಯನ್ನು, ಬಾಯಿ ಇರಬೇಕಾದಲ್ಲಿದ್ದ ಬಟ್ಟೆಯನ್ನು, ನೀಲಿ ಬಟ್ಟೆಯ ಮೇಲೆ ಆ ಕಣ್ಣು ಆಚೀಚೆ ಹುಡುಕಿತು, ಗೋಡೆ ತಡವಿ ಬಾಗಿಲು ಹುಡುಕುವವರ ಹಾಗೆ, ಸೊಕ್ಕಲ್ಲ ಅದು, ರುಚಿಯೂ ಅಲ್ಲ, ಅಷ್ಟು ಹತ್ತಿರದಿಂದ ಕಂಡ ಮೇಲೆ ಅಷ್ಟು ಮಾತ್ರ ಆಣೆ ಮಾಡಿ ಹೇಳಬಲ್ಲೆ. ಕೇಳಬೇಕು, ಇವನನ್ನೇ ಕೇಳಬೇಕು, ನಮ್ಮವರಿಗೆ ತಿಳಿಯದ ಹಾಗೆ, ಬಾನು ತುಟಿಯಲ್ಲಿ ಆಡಿದ ಹಾಗೆ — ಹಲ್ಲು ಬಿಟ್ಟೆ, ಸೆರಗು ಜಾರಿತು, ಏ, ಸೆರಗು, ಎಂದರು ನಮ್ಮವರು, ನಾನು ಎತ್ತಿಕೊಳ್ಳಲಿಲ್ಲ, ತುಟಿ ಅಲುಗಿಸಿದೆ, ದನಿ ಬಿಡದೆ, ನಿಧಾನ, ಕಿವಿ ಪೂರಾ ಹೋಗ್ಯಾವೇನಪಾ. ಅವನ ಮುಖ ಅರಳಿತು, ಬಾಯಿ ತೆರೆಯಿತು, ತೆರೆಯುತ್ತಿರುವಾಗಲೇ ನನಗೆ ಹೊಳೆಯಿತು, ಯಾ ಅಲ್ಲಾ, ದನಿ ಇತ್ತೋ ಇಲ್ಲವೋ ಇವನಿಗೆ ಹೇಗೆ ತಿಳಿಯಬೇಕು, ಇವನ ಪಾಲಿಗೆ ನಾನು ಎಲ್ಲರ ಮುಂದೆ ಕೇಳಿದೆ, ಇವನು ಎಲ್ಲರ ಮುಂದೆ ಹೇಳುತ್ತಾನೆ, ತಡಿ ತಮ್ಮಾ — ಎಡಕಿಂದು ಪೂರಾ ಹೋಗೇತ್ರಿ ಅತ್ತಿ, ಎರಡು ಹೊಲ ದಾಟುವ ದನಿ, ಬಲಕಿಂದ್ರಾಗ ಢೋಲು ಬಡದ್ರ ಒಂದೀಟು ಎದಿಗೆ ಬಡದಂಗ ಆಗತೈತಿ, ಇನ್ನ ಎರಡ ವರ್ಷಕ್ಕ ಅದೂ ಹೋಗತೈತಿ ಅಂತಾರ ಹಳಬರು, ನಮ್ಮವ್ವ ಮೊದಲ ಹೇಳ್ಯಾಳಲ್ರಿ ನಿಮಗ. ಬಿಬಿಜಾನ ಹಸಿರು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಏನಂತಾನ ಇಂವ, ಎಂದರು ನಮ್ಮವರು, ಯಾರೇನು ಕೇಳಿದ್ರು ಇಂವಗ, ಅಕ್ಕಾರ, ಏನಿದು, ಕಿವುಡನೇನು ನಿಮ್ಮ ಹುಡುಗ, ಆಕೆ ಈ ಸಲ ಮಗನಿಗಾಗಿ ಬಾಯಿ ತೆಗೆಯಲಿಲ್ಲ, ನಮ್ಮವರು ಎದ್ದರು, ಅಂಗಿಯ ಮೇಲೆ ಎಲೆಯ ಕೆಂಪು ಬಿತ್ತು, ಏ, ಸಕ್ಕರಿ ಕೆಳಗ ಇಡು, ಅಂದರು, ಇಡು ಅಂದ್ನೆಲ್ಲ. ಒಳಗೆ ಬಾಗಿಲ ಮರೆಯಲ್ಲಿ ಬಳೆಯ ಸಪ್ಪಳ ನಿಂತಿತು. ಅವನಿಗೆ ಇದು ಯಾವುದೂ ಇಲ್ಲ, ಅವನು ನಮ್ಮವರನ್ನು ನೋಡಲಿಲ್ಲ, ತಾಯಿಯನ್ನು ನೋಡಲಿಲ್ಲ, ನಾನು ಕೇಳಿದೆ, ಅವನು ಹೇಳಿದ, ಈಗ ನನ್ನ ಸರದಿ, ಕಾಯುತ್ತಿದ್ದಾನೆ, ಈ ಮನೆಯಲ್ಲಿ, ಈ ಊರಲ್ಲಿ, ನನ್ನ ಬಾಯಿಂದ ಏನು ಬರುತ್ತದೆ ಎಂದು ಯಾರಾದರೂ ಹೀಗೆ ಕಾದಿದ್ದರೇ, ಆದರೂ ಸಂಶಯ ಹೋಗಿಲ್ಲ, ಊರು ಅದೇ, ಗಾಡಿ ಅದೇ, ಬೆರಳ ನಡುವೆ ಸಕ್ಕರೆ ಬೆವರಿಗೆ ಅಂಟುತ್ತಿದೆ, ಇಡು ಅಂದ್ನೆಲ್ಲ ಎಂಬುದು ಮತ್ತೆ ಎಲ್ಲೋ ದೂರದಿಂದ, ಬಾಯಿ ತೆಗಿಯಪಾ, ಅಂದೆ, ಅಂದೆನೆಂದುಕೊಂಡೆ, ದನಿ ಬಂತೋ ಇಲ್ಲವೋ ಗೊತ್ತಿಲ್ಲ, ನಮ್ಮವರು ಅಲುಗಲಿಲ್ಲ, ಬಿಬಿಜಾನ ಅಲುಗಲಿಲ್ಲ, ಅವನ ಬಾಯಿ ತೆರೆಯಿತು, ನನ್ನ ಕೈ ಮುಂದಕ್ಕೆ ಹೋಯಿತು, ಸಕ್ಕರೆ ಹೋಯಿತು, ಕಣ್ಣು ಮಾತ್ರ ಅಲ್ಲೇ, ಇನ್ನೂ ಏನಾದರೂ ಹೇಳಲಿಕ್ಕಿದೆಯೇನೋ ಎಂದು, ರೆಪ್ಪೆ ಬಡಿಯದೆ, ಅಲ್ಲೇ, ನನ್ನ ಬಾಯಿಯ ಮೇಲೆ